ಅಗ್ಗದ ಒಬಿಡಿ ಸ್ಕ್ಯಾನರ್ ಮತ್ತು ಮಿಸ್ ಹೊಡೆಯುವ ಇಂಜಿನ್: ಮೂರು ವರ್ಷಗಳ ಬಳಕೆಯ ನಂತರ

ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ನನ್ನ ಕಾರಿನ ಸ್ಟೀರಿಂಗ್ ಚಳಿಜ್ವರ ಬಂದಂತೆ ನಡುಗತೊಡಗಿದಾಗ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಈ ಬ್ಲೂಟೂತ್ ಸ್ಕ್ಯಾನರನ್ನು, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡುಗಳನ್ನು ಮೊಬೈಲಿನಲ್ಲಿ ತೋರಿಸುವ ಸಾಧನವನ್ನು, ಸಾವಿರ ರೂಪಾಯಿಯೊಳಗೆ ತರಿಸಿಕೊಂಡೆ. ಕಾರು 2015ರದು, ಮೂರು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಓಡುವಾಗ ಅಂಥ ತೊಂದರೆಯೇನೂ ಕಾಣುತ್ತಿರಲಿಲ್ಲ. ನ್ಯೂಟ್ರಲ್‌ಗೆ ತಂದು ಎ.ಸಿ. ಹಾಕಿಕೊಂಡು ನಿಂತರೆ ಮಾತ್ರ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರಿನ ಮುಳ್ಳು 800ರಿಂದ 600ಕ್ಕೆ ಇಳಿದು, ಎಚ್ಚರವಾದಂತೆ ಮತ್ತೆ ಏರುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನವರು ಬಾನೆಟ್ ತೆಗೆದು ಅರ್ಧ ನಿಮಿಷ ಕಿವಿಗೊಟ್ಟು, "ಮಿಸ್ ಹೊಡ್ಯಾಕತ್ತೈತ್ರಿ ಸರ್, ಪ್ಲಗ್, ಕಾಯಿಲ್, ಇಂಜೆಕ್ಟರ್ ಎಲ್ಲಾ ಸೆಟ್ ಬದಲಿ ಮಾಡಿಬಿಡೂಣು" ಎಂದರು. ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದೇ ಮಿಸ್; ಕಿಡಿ ಹಾರಿಸುವುದು ಪ್ಲಗ್, ಅದಕ್ಕೆ ವಿದ್ಯುತ್ ಕೊಡುವುದು ಕಾಯಿಲ್, ಪೆಟ್ರೋಲ್ ಸಿಂಪಡಿಸುವುದು ಇಂಜೆಕ್ಟರ್. ಕೆಟ್ಟಿರುವುದು ಯಾವುದೆಂದು ತಿಳಿಯದೆ ಅಷ್ಟನ್ನೂ ಬದಲಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಒಬಿಡಿ-2 (ಕಾರು ತನ್ನ ದೋಷವನ್ನು ತಾನೇ ಗುರುತಿಸಿ ದಾಖಲಿಸುವ ವ್ಯವಸ್ಥೆ) ಕಡ್ಡಾಯವಾಗಿರುವುದರಿಂದ, ಆಮೇಲೆ ತಯಾರಾದ ಕಾರುಗಳಲ್ಲಿ ಸ್ಟೀರಿಂಗಿನ ಕೆಳಭಾಗದಲ್ಲಿ ಸಾಮಾನ್ಯವಾಗಿ 16 ಪಿನ್ನಿನ ಒಂದು ಸಾಕೆಟ್ ಸಿಗುತ್ತದೆ. ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿ ಮೊಬೈಲಿಗೆ ಜೋಡಿಸಿದಾಗ ನನಗೆ ಸಿಕ್ಕಿದ್ದು ಪಿ0302 ಎಂಬ ಕೋಡ್. ಎರಡನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗುತ್ತಿದೆ ಎಂದಷ್ಟೇ ಅದರ ಅರ್ಥ. ಕಾರಣ ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರೋ, ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಇಳಿದಿರುವುದೋ ಎಂಬುದನ್ನು ಈ ಸಾಧನ ಹೇಳುವುದಿಲ್ಲ. ಹೇಳುತ್ತದೆಂದು ನಂಬಿ ಕೊಂಡವರು ಎರಡೇ ದಿನಗಳಲ್ಲಿ ಬೇಸರಪಟ್ಟುಕೊಳ್ಳುತ್ತಾರೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಕಾಯಿಲ್‌ಗಳನ್ನು ಬಿಚ್ಚಿ ಅದಲುಬದಲು ಮಾಡಿದೆ. ಒಂದೊಂದಕ್ಕೂ ಒಂದೇ ಬೋಲ್ಟ್ ಇರುವುದರಿಂದ ಕಾಲು ಗಂಟೆಯ ಕೆಲಸ, ಆದರೆ ಬಿಸಿಗೆ ಪೆಡಸಾದ ಕನೆಕ್ಟರಿನ ಕೊಕ್ಕೆ ಮುರಿಯದಂತೆ ತೆಗೆಯಲು ಬೆವರಿಳಿಯಿತು. ಬಳಿಕ ಕೋಡ್ ಅಳಿಸಿ ವಿದ್ಯಾನಗರದಿಂದ ಉಣಕಲ್ ಕೆರೆಯವರೆಗೆ ಓಡಿಸಿಕೊಂಡು ಬಂದು ನೋಡಿದರೆ, ಈಗ ಪಿ0303, ಅಂದರೆ ಮೂರನೆಯ ಸಿಲಿಂಡರ್. ಕಾಯಿಲ್ ಹೋದಲ್ಲಿಗೆ ಕೋಡೂ ಹೋಗಿತ್ತು. ಒಂದೇ ಒಂದು ಕಾಯಿಲ್ ಬದಲಿಸಿದೆ, ನಡುಕ ನಿಂತಿತು. ಸ್ಕ್ಯಾನರಿನ ಬೆಲೆ ಅಂದೇ ಹುಟ್ಟಿತು.

ಎರಡನೆಯ ಪ್ರಸಂಗ ಇಷ್ಟು ಸುಲಭವಾಗಿರಲಿಲ್ಲ. ಮರುವರ್ಷ ಐಡ್ಲಿಂಗ್ (ಕಾರು ನಿಂತಿರುವಾಗಿನ ಇಂಜಿನ್ ವೇಗ) ಮತ್ತೆ ಏರಿಳಿಯತೊಡಗಿತು, ಆದರೆ ಈ ಸಲ ಯಾವ ಕೋಡೂ ಇರಲಿಲ್ಲ. ಇಂಜಿನ್ನಿಗೆ ಎಲ್ಲಿಂದಾದರೂ ಹೊರಗಿನ ಗಾಳಿ ಸೋರಿ ಬಂದರೆ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು-ಕಡಿಮೆ ಮಾಡುವ ಪ್ರಮಾಣ) ಶೇಕಡಾ 10ಕ್ಕಿಂತ ಬಹಳ ಮೇಲೇರುತ್ತದೆ ಎಂದು ಓದಿದ್ದೆ. ನನ್ನ ಕಾರಿನಲ್ಲಿ ಅದು 3-4ರಲ್ಲೇ ಇತ್ತು. ಆ ಮಾತು ಹೆಚ್ಚಾಗಿ ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಕಾರುಗಳಿಗೆ ಸಲ್ಲುತ್ತದೆ. ನನ್ನದರಲ್ಲಿರುವ ಮ್ಯಾಪ್ ಸೆನ್ಸರ್, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಅಳೆಯುವುದರಿಂದ, ಸೋರಿ ಬಂದ ಗಾಳಿಯೂ ಲೆಕ್ಕಕ್ಕೆ ಸಿಕ್ಕಿ ಅದಕ್ಕೆ ತಕ್ಕ ಪೆಟ್ರೋಲ್ ಹೋಗಿಬಿಡುತ್ತದೆ. ಇದನ್ನು ತಿಳಿಯಲು ನಾನು ಒಂದು ಭಾನುವಾರವನ್ನೂ ಒಂದು ಡಬ್ಬಿ ಥ್ರಾಟಲ್ ಕ್ಲೀನರನ್ನೂ ಕಳೆದುಕೊಂಡೆ.

ಆಗ ಕೈಹಿಡಿದದ್ದು ಕಾಯಿಲ್ ಬದಲಿಸಿದ ಮರುದಿನ, ಇಂಜಿನ್ ಸರಿಯಾಗಿದ್ದಾಗ, ಬರೆದಿಟ್ಟುಕೊಂಡಿದ್ದ ಅಂಕಿಗಳು: ಬಿಸಿ ಇಂಜಿನ್, ಎ.ಸಿ. ಇಲ್ಲದೆ, ಮ್ಯಾನಿಫೋಲ್ಡ್ ಒತ್ತಡ 32 ಕಿಲೋಪಾಸ್ಕಲ್. ಈಗ ಅದು 40ರ ಆಚೀಚೆ ತೂಗಾಡುತ್ತಿತ್ತು, ಇಗ್ನಿಶನ್ ಟೈಮಿಂಗ್ (ಕಿಡಿ ಹಾರುವ ಸಮಯ) ಕೂಡ ಒಂದೆಡೆ ನಿಲ್ಲುತ್ತಿರಲಿಲ್ಲ. ಅಂದಹಾಗೆ, ಇಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದಾಗ ಈ ಸೆನ್ಸರ್ ಇಲ್ಲಿ 94 ತೋರಿಸುವುದನ್ನು ಕಂಡು ಅದೇ ಕೆಟ್ಟಿದೆಯೆಂದು ಮೊದಲು ಗಾಬರಿಯಾಗಿದ್ದೆ. ಆಗ ಅದು ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿರುವುದರಿಂದ ಆ ಒತ್ತಡ ಇಲ್ಲಿ ಕಡಿಮೆ, ಕಡಲತೀರದ ಕಾರವಾರಕ್ಕೆ ಹೋದಾಗ ಅದೇ ಸೆನ್ಸರ್ 101 ತೋರಿಸಿತು.

ಅಂಕಿಗಳ ಚೀಟಿಯನ್ನು ಹಳೇ ಹುಬ್ಬಳ್ಳಿಯ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಚೀಟಿಯನ್ನು ಪೂರ್ತಿ ಓದಲೂ ಇಲ್ಲ. ಮ್ಯಾನಿಫೋಲ್ಡಿನ ಹಿಂದೆ ಕೈ ತೂರಿಸಿ ಇಂಜಿನ್ನೊಳಗಿನ ಅನಿಲವನ್ನು ಮ್ಯಾನಿಫೋಲ್ಡಿಗೆ ಹಾಯಿಸುವ ಪಿಸಿವಿ ವಾಲ್ವಿನ ರಬ್ಬರ್ ಪೈಪನ್ನು ಎರಡು ಬೆರಳಲ್ಲಿ ಹಿಚುಕಿದರು. ಅಷ್ಟು ಹೊತ್ತೂ ಸಣ್ಣಗೆ ಬುಸುಗುಡುತ್ತಿದ್ದ ಸದ್ದು ನಿಂತಿತು, ಇಂಜಿನ್ ಸಮನಾಯಿತು. "ಇಲ್ಲಿ ಗಾಳಿ ಎಳ್ಯಾಕತ್ತೈತಿ ನೋಡ್ರಿ" ಎಂದರು. ಪೈಪು ಬಾಗಿದ ಕಡೆ, ಮೇಲಿನಿಂದ ಕಾಣದ ಅಡಿಭಾಗದಲ್ಲಿ, ಉಗುರಿನಷ್ಟು ಉದ್ದ ಸೀಳಿತ್ತು. ಹೊಸ ಪೈಪ್ ಹಾಕಿದ ಸಂಜೆ ಒತ್ತಡ ಮತ್ತೆ 32ಕ್ಕೆ ಬಂತು.

ಹೀಗಾಗಿ, ಕೊಳ್ಳುವವರು ಕಾರು ಚೆನ್ನಾಗಿರುವಾಗಲೇ ಕೊಂಡು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಟ್ಯಾಕೋಮೀಟರಿನ ಮುಳ್ಳು ಅಲುಗದೆ ನಿಂತಿದ್ದೂ ಕಾರು ನಡುಗುತ್ತಿದ್ದರೆ ಮೊದಲು ಇಂಜಿನ್ ಮೌಂಟ್ (ಇಂಜಿನನ್ನು ಹಿಡಿದಿಡುವ ರಬ್ಬರಿನ ಆಸರೆ) ನೋಡಿಸಬೇಕು. ಅದನ್ನು ಯಾವ ಸ್ಕ್ಯಾನರೂ ಹಿಡಿಯುವುದಿಲ್ಲ. ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಕೋಡ್ ಓದುತ್ತ ಊರು ಸುತ್ತಬಾರದು, ಸುಡದೆ ಉಳಿದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಹಾಳುಮಾಡುತ್ತದೆ.

ದೂರುಗಳೂ ಇವೆ. ಹಳೆಯ ಬಗೆಯ ಬ್ಲೂಟೂತ್ ಇರುವ ಈ ಮಾದರಿ ಐಫೋನಿಗೆ ಜೋಡುವುದಿಲ್ಲ. ಏರ್‌ಬ್ಯಾಗ್, ಎಬಿಎಸ್ ಕೋಡುಗಳನ್ನು ನನ್ನ ಕಾರಿನಲ್ಲಿ ಓದಲಿಲ್ಲ. ಕಾರು ನಿಲ್ಲಿಸಿದ ಮೇಲೂ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಲೇ ಇರುತ್ತದೆ. ಒಮ್ಮೆ ಸಿಕ್ಕಿಸಿಟ್ಟೇ ಹತ್ತು ದಿನ ಊರಿಗೆ ಹೋಗಿ ಬಂದಾಗ, ನವನಗರದ ಮನೆಯ ಮುಂದೆ ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಎಳೆದು ಚಾಲೂ ಮಾಡಬೇಕಾಯಿತು. ಈಗ ಕವಚದ ಅಂಟು ಬಿಟ್ಟಿದೆ, ರಬ್ಬರ್ ಬ್ಯಾಂಡ್ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಅದೇ ಚೀಟಿಯ ಜೊತೆ ಇಟ್ಟಿದ್ದೇನೆ.