ಫೈರ್‌ಫಾಕ್ಸ್ ಹೊಸ ವರ್ಷನ್ ಬಂದಿದೆ, ಹಾಕಿಕೊಳ್ಳಲಾ ಬೇಡವಾ?

ಫೈರ್‌ಫಾಕ್ಸ್ ನನ್ನ ಮುಖ್ಯ ಬ್ರೌಸರ್ ಆಗಿ ತುಂಬಾ ವರ್ಷಗಳಾದವು. ಅಪ್‌ಡೇಟ್ ಬಂದಾಗಲೆಲ್ಲ ಯಾರಾದರೊಬ್ಬರು ಇದೇ ಪ್ರಶ್ನೆ ಕೇಳುತ್ತಾರೆ. ಹಾಕಿಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಹೇಗೆ ಹಾಕಿಕೊಳ್ಳಬೇಕು ಅನ್ನುವುದರಲ್ಲಿ ಸ್ವಲ್ಪ ಮಾತಿದೆ.

ಮೊದಲು ನಂಬರ್ ವಿಷಯ. 2004ರ ನವೆಂಬರ್‌ನಲ್ಲಿ 1.0 ಬಂತು. 4.0 ಬರಲು 2011ರ ಮಾರ್ಚ್ ಆಯಿತು. ಆಗೆಲ್ಲ ಹೊಸ ನಂಬರ್ ಅಂದರೆ ದೊಡ್ಡ ಸುದ್ದಿ. ಆಮೇಲೆ ಆರು ವಾರಕ್ಕೊಂದು ವರ್ಷನ್ ಬರತೊಡಗಿತು, 2020ರಿಂದ ನಾಲ್ಕು ವಾರಕ್ಕೊಂದು. 2022ರ ಮೇ ತಿಂಗಳಲ್ಲೇ ನೂರು ಮುಟ್ಟಿತು. ಹಾಗಾಗಿ ನಂಬರ್ ಒಂದು ಜಾಸ್ತಿಯಾಯಿತು ಅಂತ ಖುಷಿಪಡುವುದೂ ಬೇಡ, ಗಾಬರಿಯಾಗುವುದೂ ಬೇಡ. ಎಷ್ಟೋ ಸಲ ಏನು ಬದಲಾಗಿದೆ ಅಂತ ಕಣ್ಣಿಗೇ ಕಾಣುವುದಿಲ್ಲ.

ನಿಜವಾಗಿ ಅಲುಗಾಡಿಸಿದ ವರ್ಷನ್‌ಗಳು ಬೆರಳೆಣಿಕೆಯಷ್ಟು. 2017ರ ನವೆಂಬರ್‌ನಲ್ಲಿ ಬಂದ 57 ಅಂಥದ್ದು. ವೇಗ ಚೆನ್ನಾಗಿಯೇ ಹೆಚ್ಚಿತು, ಆದರೆ ಬ್ರೌಸರ್‌ಗೆ ನಾವೇ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳಲ್ಲಿ, ಅಂದರೆ ಎಕ್ಸ್‌ಟೆನ್ಶನ್‌ಗಳಲ್ಲಿ, ಹಳೆಯ ಮಾದರಿಯ ಎಕ್ಸ್‌ಟೆನ್ಶನ್‌ಗಳೆಲ್ಲ ಒಂದೇ ಏಟಿಗೆ ನಿಂತುಹೋದವು. 2021ರ ಜೂನ್‌ನ 89ರಲ್ಲಿ ಟ್ಯಾಬ್‌ಗಳು ದಪ್ಪ ಬಟನ್‌ಗಳ ಹಾಗಾದವು. ಸಣ್ಣದಾಗಿ ಇಟ್ಟುಕೊಳ್ಳುವ ಕಾಂಪ್ಯಾಕ್ಟ್ ಆಯ್ಕೆಯನ್ನು ಮೆನುವಿನಿಂದಲೇ ತೆಗೆದರು. ವಿಳಾಸದ ಪಟ್ಟಿಯಲ್ಲಿ about:config ಅಂತ ಟೈಪ್ ಮಾಡಿದರೆ ತೆರೆಯುವ ಒಳ ಸೆಟ್ಟಿಂಗ್‌ಗಳ ಪುಟಕ್ಕೆ (ಅಬೌಟ್:ಕಾನ್ಫಿಗ್) ಹೋಗಿ 'ಬ್ರೌಸರ್.ಕಾಂಪ್ಯಾಕ್ಟ್‌ಮೋಡ್.ಶೋ' ಆನ್ ಮಾಡಿದರೆ ಅದು ಮತ್ತೆ ಬರುತ್ತದೆ. ಜನ ಬಳಸುವ ಸೌಲಭ್ಯವನ್ನು ಹೀಗೆ ಬಚ್ಚಿಡುವುದು ಯಾಕೋ!

ನನಗೆ ತುಂಬಾ ಇಷ್ಟವಾದ ಬದಲಾವಣೆ 2025ರ ಮಾರ್ಚ್‌ನಲ್ಲಿ 136ರ ಜೊತೆ ಬಂದ ಲಂಬ ಟ್ಯಾಬ್‌ಗಳು. ಟ್ಯಾಬ್‌ಗಳು ಮೇಲಿನ ಪಟ್ಟಿ ಬಿಟ್ಟು ಪಕ್ಕದಲ್ಲಿ ಒಂದರ ಕೆಳಗೊಂದು ಕೂರುತ್ತವೆ. ಮೇಲೆ ಸಾಲಾಗಿ ಇದ್ದಾಗ, ಟ್ಯಾಬ್ ಹೆಚ್ಚಿದಂತೆ ಶೀರ್ಷಿಕೆಯ ಎರಡು ಮೂರು ಅಕ್ಷರ ಮಾತ್ರ ಉಳಿಯುತ್ತಿತ್ತು. ಕನ್ನಡದ ಶೀರ್ಷಿಕೆಯಾದರಂತೂ ಒತ್ತಕ್ಷರದಲ್ಲೇ ಕತ್ತರಿಸಿ ಹೋಗುತ್ತಿತ್ತು. ಈಗ ಸಾಲು ಪೂರ್ತಿ ಓದಬಹುದು. ಅಗಲ ಸ್ಕ್ರೀನ್‌ನಲ್ಲಿ ಪಕ್ಕದ ಜಾಗ ಸುಮ್ನೆ ಖಾಲಿ ಬಿದ್ದಿರುತ್ತದೆ ಅಲ್ವಾ, ಅದಕ್ಕೊಂದು ಕೆಲಸ ಸಿಕ್ಕಿತು. ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ಇದನ್ನು ಆನ್ ಮಾಡಬಹುದು. ಬೇಡ ಅನಿಸಿದರೆ ಅಲ್ಲೇ ಆಫ್.

ಇನ್ನು 'ನನಗೆ ಇದ್ಯಾವುದೂ ಬೇಡ, ಹಳೆಯದೇ ಸಾಕು' ಅನ್ನುವವರು. 2024ರ ಅಕ್ಟೋಬರ್ 1ಕ್ಕೆ 131 ಬಂತು. ಒಂದು ವಾರ ಕಳೆದ ಮೇಲೆ 131.0.2 ಬಂತು. ಪುಟದ ಅನಿಮೇಶನ್ ನಡೆಸುವ ಭಾಗದಲ್ಲಿ ಒಂದು ತೂತಿತ್ತು, ಅದನ್ನು ಕಳ್ಳರು ಆಗಲೇ ಬಳಸುತ್ತಿದ್ದರು, ಅದಕ್ಕೇ ಆ ತುರ್ತು. ಆಗ 130ರಲ್ಲೇ ಕೂತಿದ್ದವರಿಗೆ ಪ್ರತ್ಯೇಕ ರಿಪೇರಿ ಸಿಗಲಿಲ್ಲ. ಸಾಮಾನ್ಯ ಫೈರ್‌ಫಾಕ್ಸ್‌ನಲ್ಲಿ ರಿಪೇರಿ ಬರುವುದು ಇತ್ತೀಚಿನ ವರ್ಷನ್‌ಗೆ ಮಾತ್ರ. ಅಪ್‌ಡೇಟ್ ನಿಲ್ಲಿಸುವುದು ಅಂದರೆ ಬೀಗ ಕೆಟ್ಟಿದೆ ಅಂತ ಊರಿಗೆಲ್ಲ ಗೊತ್ತಾದ ಮೇಲೂ ಅದೇ ಬೀಗ ಹಾಕಿಕೊಂಡು ಹೋದ ಹಾಗೆ.

ಬದಲಾವಣೆ ಬೇಡ, ರಕ್ಷಣೆ ಬೇಕು ಅನ್ನುವವರಿಗೆ ಇರುವುದು ಎಕ್ಸ್‌ಟೆಂಡೆಡ್ ಸಪೋರ್ಟ್ ರಿಲೀಸ್ ಅನ್ನುವ ಫೈರ್‌ಫಾಕ್ಸ್‌ನ ಇನ್ನೊಂದು ರೂಪ, ಚಿಕ್ಕದಾಗಿ ಇಎಸ್‌ಆರ್. 2012ರಿಂದ ಇದೆ. ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಮಾತ್ರ ದೊಡ್ಡ ಬದಲಾವಣೆ ಬರುತ್ತದೆ, ನಡುವೆ ಬರುವುದು ಭದ್ರತೆಯ ರಿಪೇರಿಗಳು. ಮೇಲೆ ಹೇಳಿದ ತೂತಿಗೆ ಆಗ ಚಾಲ್ತಿಯಲ್ಲಿದ್ದ 128 ಮತ್ತು 115 ಇಎಸ್‌ಆರ್‌ಗಳಿಗೂ ರಿಪೇರಿ ಸಿಕ್ಕಿತ್ತು. ಕೆಲಸದ ಕಂಪ್ಯೂಟರ್‌ನಲ್ಲಿ ನಾನು ಇದನ್ನೇ ಇಟ್ಟುಕೊಂಡಿದ್ದೇನೆ. ಬೆಳಗ್ಗೆ ತೆರೆದರೆ ಬಟನ್‌ಗಳು ನಿನ್ನೆ ಇದ್ದಲ್ಲೇ ಇರುತ್ತವೆ, ಅಷ್ಟು ಸಾಕು. ಲಂಬ ಟ್ಯಾಬ್‌ಗಾಗಿ ಮಾತ್ರ 2025ರ ಜೂನ್‌ನ 140ರವರೆಗೆ ಕಾಯಬೇಕಾಯಿತು.

ಅಪ್‌ಡೇಟ್ ಆದ ಮೇಲೆ ಯಾವುದೋ ಸೈಟ್ ಕೈಕೊಟ್ಟರೆ ಬ್ರೌಸರ್‌ಗೆ ಬೈಯುವ ಮೊದಲು ಒಂದು ಪರೀಕ್ಷೆ ಮಾಡಿ. ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟ್ ಮೋಡ್ ಇದೆ. ಅದರಲ್ಲಿ ಎಕ್ಸ್‌ಟೆನ್ಶನ್‌ಗಳೆಲ್ಲ ತಾತ್ಕಾಲಿಕವಾಗಿ ಆಫ್ ಆಗುತ್ತವೆ. ನಾನು ದಿನವೂ ಬಳಸುವ ಒಂದು ಸೈಟಿನಲ್ಲಿ ಫೈಲ್ ಅಪ್‌ಲೋಡ್ ಬಟನ್ ಒತ್ತಿದರೂ ಏನೂ ಆಗುತ್ತಿರಲಿಲ್ಲ. ಈ ಮೋಡ್‌ನಲ್ಲಿ ತೆರೆದೆ, ಕೆಲಸ ಮಾಡಿತು. ವರ್ಷಗಳಿಂದ ಯಾರೂ ಮುಟ್ಟದ ಒಂದು ಹಳೆಯ ಎಕ್ಸ್‌ಟೆನ್ಶನ್ ಅಡ್ಡ ನಿಂತಿತ್ತು. ತೆಗೆದು ಹಾಕಿದೆ, ಮುಗಿಯಿತು.

ಹೊಸದು ಹಿಡಿಸದಿದ್ದರೆ ವಾಪಸ್ ಹೋಗಬಹುದಲ್ಲ ಅಂದುಕೊಂಡಿದ್ದರೆ, ಅದು ಅಷ್ಟು ಸಲೀಸಲ್ಲ. 67ನೇ ವರ್ಷನ್‌ನಿಂದ ಈಚೆಗೆ, ಹೊಸದು ಬಳಸಿದ ಪ್ರೊಫೈಲನ್ನು (ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಸೆಟ್ಟಿಂಗ್‌ಗಳೆಲ್ಲ ಇರುವ ಫೋಲ್ಡರ್) ಹಳೆಯದರಲ್ಲಿ ತೆರೆಯಲು ಹೋದರೆ ತಡೆದು, ಹೊಸ ಪ್ರೊಫೈಲ್ ಮಾಡಿಕೊಳ್ಳಿ ಅನ್ನುತ್ತದೆ. ಆದ್ದರಿಂದ ದೊಡ್ಡ ಬದಲಾವಣೆಗೆ ಮುಂಚೆ ಅಬೌಟ್:ಸಪೋರ್ಟ್ ಪುಟದಿಂದ ಪ್ರೊಫೈಲ್ ಫೋಲ್ಡರ್ ತೆರೆದು, ಬ್ರೌಸರ್ ಮುಚ್ಚಿ, ಇಡೀ ಫೋಲ್ಡರನ್ನೇ ಬೇರೆ ಕಡೆ ಕಾಪಿ ಮಾಡಿ. ಬೇಕಾದ ಫೈಲ್ ಅಷ್ಟೇ ಆರಿಸುತ್ತೇನೆ ಅನ್ನಬೇಡಿ. ಪಾಸ್‌ವರ್ಡ್‌ಗಳು 'ಲಾಗಿನ್ಸ್.ಜೇಸನ್' ಫೈಲಿನಲ್ಲಿರುತ್ತವೆ, ಅದನ್ನು ಬಿಚ್ಚುವ ಕೀಲಿ 'ಕೀ4.ಡಿಬಿ'ಯಲ್ಲಿರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಂಡರೆ ಉಪಯೋಗವಿಲ್ಲ.

ಮೆಮೊರಿ ಜಾಸ್ತಿನೇ ತಿನ್ನುತ್ತದೆ, ಇವತ್ತಿನ ಎಲ್ಲ ಬ್ರೌಸರ್‌ಗಳ ಕಥೆಯೂ ಅದೇ. ನಾನು ಇಲ್ಲೇ ಉಳಿದಿರುವುದಕ್ಕೆ ಇನ್ನೊಂದು ಕಾರಣ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಯುಬ್ಲಾಕ್ ಒರಿಜಿನ್. ಕ್ರೋಮ್‌ನ ಹೊಸ ಎಕ್ಸ್‌ಟೆನ್ಶನ್ ನಿಯಮಗಳಿಂದಾಗಿ ಅಲ್ಲಿ ಅದರ ಪೂರ್ಣ ರೂಪಕ್ಕೆ ಜಾಗವಿಲ್ಲ, ಇಲ್ಲಿ ಇದೆ.

ವಿಂಡೋಸ್ 7, 8 ಅಥವಾ 8.1 ಇಟ್ಟುಕೊಂಡಿರುವವರಿಗೆ ಮಾತ್ರ ಈ ಲೆಕ್ಕಾಚಾರ ಅನ್ವಯಿಸುವುದಿಲ್ಲ. ಅವರಿಗೆ 115 ಇಎಸ್‌ಆರ್ ಕೊನೆಯದು. ಅದಕ್ಕಿಂತ ಮುಂದಿನ ಫೈರ್‌ಫಾಕ್ಸ್ ಬೇಕೆಂದರೆ ಮೊದಲು ಬದಲಿಸಬೇಕಾದದ್ದು ವಿಂಡೋಸ್.