ತೆನ್‌ಜಾನ್ ಕಟ್ಟಬೇಕಾ, ರ್ಯೂಸೇ ಕಟ್ಟಬೇಕಾ?

ಜಪಾನಿನ ಯುದ್ಧವಿಮಾನ ಅಂದರೆ ಎಲ್ಲರಿಗೂ ಝೀರೋ ಗೊತ್ತು. ಸ್ವಲ್ಪ ಜಾಸ್ತಿ ಓದಿದವರಿಗೆ ಪರ್ಲ್ ಹಾರ್ಬರ್‌ನಲ್ಲಿ ಟಾರ್ಪಿಡೊ (ನೀರಿನೊಳಗೆ ಸಾಗಿ ಹಡಗಿಗೆ ಬಡಿಯುವ ಆಯುಧ) ಹಾಕಿದ ಕೇಟ್ ಗೊತ್ತು. ಕೇಟ್ ಆದಮೇಲೆ, ವಿಮಾನವಾಹಕ ಹಡಗುಗಳಿಂದ ಹಾರಲೆಂದು ಬಂದ ಎರಡು ಟಾರ್ಪಿಡೊ ವಿಮಾನಗಳಿವೆ, ನಕಾಜಿಮಾದವರ ಬಿ6ಎನ್ ತೆನ್‌ಜಾನ್ ಮತ್ತು ಐಚಿಯವರ ಬಿ7ಎ ರ್ಯೂಸೇ. ಈ ಹೆಸರು ಹೇಳಿದರೆ ಮಾಡೆಲ್ ಕಟ್ಟುವ ಗೆಳೆಯರೇ ತಲೆ ಕೆರೆದುಕೊಳ್ಳುತ್ತಾರೆ. ಹೋದ ವರ್ಷ ಎರಡನ್ನೂ 1/72 ಅಳತೆಯಲ್ಲಿ, ಅಂದರೆ ನಿಜದ ವಿಮಾನದ 72ರಲ್ಲಿ ಒಂದು ಪಾಲಿನ ಉದ್ದಕ್ಕೆ, ಕಟ್ಟಿದೆ. ಯಾವುದು ತಗೊಳ್ಳಲಿ ಅಂತ ಇಬ್ಬರು ಕೇಳಿದ್ದಕ್ಕೆ ಈ ಬರಹ. ನನ್ನ ಉತ್ತರ ತೆನ್‌ಜಾನ್. ಆದರೆ ಮನೆಗೆ ಬಂದವರು ಕಪಾಟಿನ ಮುಂದೆ ನಿಂತು ಮೊದಲು ಬೆರಳು ತೋರಿಸುವುದು ರ್ಯೂಸೇ ಕಡೆಗೆ.

ಗಾತ್ರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ರೆಕ್ಕೆಯ ತುದಿಯಿಂದ ತುದಿಗೆ ಎರಡೂ ಹೆಚ್ಚುಕಡಿಮೆ 20 ಸೆಂಟಿಮೀಟರ್.

ರ್ಯೂಸೇ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಹೆಸರಿನ ಅರ್ಥವೇ ಉಲ್ಕೆ. ರೆಕ್ಕೆ ಒಡಲಿನಿಂದ ಕೆಳಗಿಳಿದು, ಅಲ್ಲಿಂದ ಬಾಗಿ ಮೇಲೇರುತ್ತದೆ. ಇದು ಸುಮ್ನೆ ಚೆಂದಕ್ಕೆ ಮಾಡಿದ್ದಲ್ಲ. ಮುಂದೆ ನಾಲ್ಕು ಎಲೆಯ ದೊಡ್ಡ ಪ್ರೊಪೆಲ್ಲರ್ ಇದೆ, ಅದು ನೆಲಕ್ಕೆ ತಾಗಬಾರದು ಅಂದರೆ ಚಕ್ರದ ಕಾಲು ಉದ್ದ ಬೇಕು, ಉದ್ದದ ಕಾಲು ಹಡಗಿನ ಮೇಲೆ ಧಡ್ ಅಂತ ಇಳಿಯುವಾಗ ಮುರಿಯುವ ಭಯ, ಹಾಗಾಗಿ ರೆಕ್ಕೆಯನ್ನೇ ಕೆಳಕ್ಕೆ ಬಗ್ಗಿಸಿ ಆ ಬಾಗಿನಲ್ಲಿ ಗಿಡ್ಡ ಕಾಲು ಕೂರಿಸಿದರು. ಓದಿದಾಗ ಆಹಾ ಅನಿಸಿತ್ತು. ಅಂಟಿಸುವಾಗ ಆ ಬಾಗೇ ನನ್ನ ಪ್ರಾಣ ತಿಂದಿತು. ಒಂದು ರಾತ್ರಿ ಅಂಟು ಹಾಕಿ ಮಲಗಿದೆ, ಬೆಳಿಗ್ಗೆ ಎದ್ದು ನೋಡಿದರೆ ಎಡ ರೆಕ್ಕೆಯ ತುದಿ ಬಲಗಡೆಗಿಂತ 3 ಮಿಲಿಮೀಟರ್ ಮೇಲೆ. ದಾರ ಎಳೆದು ಅಂಟು ಬಿಡಿಸಿ, ಎರಡೂ ತುದಿಗೆ ಬೆಂಕಿಪೆಟ್ಟಿಗೆ ಒಟ್ಟಿ, ಕೆಳಗೆ ಗಾಜಿನ ಹಲಗೆ ಇಟ್ಟು ಮತ್ತೆ ಕೂರಿಸಿದೆ. ಆಮೇಲೆ ರೆಕ್ಕೆ ಬುಡದಲ್ಲಿ ಪುಟ್ಟಿ, ಎಮರಿ ಪೇಪರ್, ಮತ್ತೆ ಪುಟ್ಟಿ. ಉಜ್ಜಿ ಉಜ್ಜಿ, ತಗಡಿನ ಜೋಡಣೆ ತೋರಿಸಲು ಅಲ್ಲಿದ್ದ ಸಣ್ಣ ಗೀರುಗಳೆಲ್ಲ ಮಾಯ, ಸೂಜಿ ಹಿಡಿದು ಪುನಃ ಕೆತ್ತಬೇಕಾಯಿತು. ಮೂರು ತಿಂಗಳು ಹಿಡಿಯಿತು.

ತೆನ್‌ಜಾನ್ ಐದು ವಾರದಲ್ಲಿ ಮುಗಿಯಿತು. ನೆಟ್ಟಗಿನ ರೆಕ್ಕೆ, ಬೆರಳಿಟ್ಟರೆ ಕೂರುತ್ತದೆ. ಆದರೆ ವಿಮಾನ ನೆಟ್ಟಗಿದೆ ಅಂದುಕೊಂಡರೆ ಮೋಸ ಹೋಗುತ್ತೀರಿ. ಬಾಲದ ರೆಕ್ಕೆ ಮುಂದಕ್ಕೆ ವಾಲಿಕೊಂಡಿದೆ, ಯಾರೋ ಹಿಂದಿನಿಂದ ದೂಡಿದ ಹಾಗೆ. ಆಗಿನ ಹಡಗುಗಳ ಲಿಫ್ಟಿನಲ್ಲಿ 11 ಮೀಟರ್ ಒಳಗೆ ವಿಮಾನ ಹಿಡಿಸಬೇಕಿತ್ತು, ಇದು 10.87 ಮೀಟರ್. ಆ ಉದ್ದ ಉಳಿಸಲು ಬಾಲವನ್ನು ಓರೆ ಮಾಡಿದ್ದು. ಟಾರ್ಪಿಡೊ ಕೂಡ ನಡುವೆ ಇಲ್ಲ, ಒಡಲಿನ ಬಲಕ್ಕೆ ಸರಿದಿದೆ. ಎಂಜಿನ್ ಕೆಳಗಿನ ಆಯಿಲ್ ಕೂಲರ್ ಎಡಕ್ಕೆ ಸರಿದಿದೆ. ನನಗಿದು ಗೊತ್ತಿರಲಿಲ್ಲ. ಸೂಚನೆ ಹಾಳೆ ಸರಿಯಾಗಿ ನೋಡದೆ ಟಾರ್ಪಿಡೊವನ್ನು ಸರೀ ಮಧ್ಯಕ್ಕೆ ಇಟ್ಟು, ತೂತು ಯಾಕೆ ಕೂಡ್ತಿಲ್ಲ ಅಂತ ಕಿಟ್ ಮಾಡಿದವರನ್ನು ಅರ್ಧ ಗಂಟೆ ಬೈದೆ. ತಪ್ಪು ನನ್ನದೇ.

ಆ ಟಾರ್ಪಿಡೊ ಎರಡರಲ್ಲೂ ಒಂದೇ ತಳಿ, ಟೈಪ್ 91. ನಿಜದಲ್ಲಿ 45 ಸೆಂಟಿಮೀಟರ್ ದಪ್ಪ, ಈ ಅಳತೆಯಲ್ಲಿ ಪೆನ್ಸಿಲಿಗಿಂತ ತುಸು ತೆಳು. ಬಾಲಕ್ಕೆ ಮರದ ಹಲಗೆಗಳು ಇರುತ್ತಿದ್ದವು, ಗಾಳಿಯಲ್ಲಿ ನೆಟ್ಟಗೆ ಹೋಗಲಿ ಅಂತ. ನೀರಿಗೆ ಬಿದ್ದ ಕೂಡಲೇ ಅವು ಮುರಿದು ಹೋಗಬೇಕು. ಅವಕ್ಕೆ ಮಾತ್ರ ಕಂದು ಬಣ್ಣ ಹಚ್ಚಿ, ಉಳಿದದ್ದಕ್ಕೆ ಲೋಹದ ಬಣ್ಣ ಕೊಟ್ಟರೆ ಚೆನ್ನಾಗಿ ಕಾಣುತ್ತದೆ.

ಬಣ್ಣದ ವಿಷಯದಲ್ಲಿ ತೆನ್‌ಜಾನ್ ಮುಂದೆ. ಎರಡಕ್ಕೂ ಮೇಲೆ ಕಡು ಹಸಿರು, ಕೆಳಗೆ ಬೂದಿ, ರೆಕ್ಕೆ ಅಂಚಿಗೆ ಹಳದಿ ಪಟ್ಟಿ, ಅಷ್ಟೇ. ಆದರೆ ತೆನ್‌ಜಾನ್ ದುಡಿದ ವಿಮಾನ. 1943ರಿಂದ ಪೆಸಿಫಿಕ್ ದ್ವೀಪಗಳ ಉಪ್ಪುಗಾಳಿಯಲ್ಲಿ ನಿಂತದ್ದು. ಹಸಿರು ಕಿತ್ತು ಕೆಳಗಿನ ಅಲ್ಯೂಮಿನಿಯಂ ಕಾಣಿಸಿದರೆ ಒಪ್ಪುತ್ತದೆ. ಮೊದಲು ಬೆಳ್ಳಿ ಬಣ್ಣ ಹೊಡೆದು, ನೀರು ಸವರಿ, ಉಪ್ಪು ಉದುರಿಸಿ, ಒಣಗಿದ ಮೇಲೆ ಹಸಿರು ಹೊಡೆದು ಉಪ್ಪನ್ನು ಉಜ್ಜಿ ತೆಗೆಯುವುದು ಹಳೇ ಉಪಾಯ. ನಾನು ಜುಲೈಯಲ್ಲಿ, ಕರಾವಳಿಯ ಮಳೆಯಲ್ಲಿ ಈ ಸಾಹಸಕ್ಕೆ ಕೈ ಹಾಕಿದೆ. ಉಪ್ಪು ಒಣಗುವುದಿರಲಿ, ಕರಗಿ ನೀರಾಗಿ ರೆಕ್ಕೆಯಿಂದ ಇಳಿಯಿತು. ಕೊನೆಗೆ ಅಕ್ಕಿ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು ಒಣಗಿಸಿದೆ. ಪುಡಿ ಉಪ್ಪು ಬೇಡ, ಕಲ್ಲುಪ್ಪನ್ನು ಸ್ವಲ್ಪ ಜಜ್ಜಿ ಹಾಕಿ, ಚೂರುಗಳು ದೊಡ್ಡವು ಸಣ್ಣವು ಬೆರೆತಿರಲಿ. ರ್ಯೂಸೇಗೆ ಅಷ್ಟೊಂದು ಸವೆತ ಹಾಕುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಯಾಕೆ ಅಂದರೆ ಅದರ ಕಥೆಯೇ ಬೇರೆ. ತೆನ್‌ಜಾನ್ 1,200ಕ್ಕೂ ಹೆಚ್ಚು ತಯಾರಾಯಿತು, ರ್ಯೂಸೇ 110ರ ಆಸುಪಾಸು. ತೈಹೋದಂಥ ಹೊಸ, ದೊಡ್ಡ ಹಡಗುಗಳಿಗೆಂದೇ ಮಾಡಿದ್ದರಿಂದ ಅದು ಸುಮಾರು 11.5 ಮೀಟರ್ ಉದ್ದ ಇರಬಹುದಿತ್ತು, ಬಾಲ ಓರೆ ಮಾಡುವ ಕಷ್ಟ ಬರಲಿಲ್ಲ. ಆದರೆ 1944ರ ಜೂನ್ 19ರಂದು ಫಿಲಿಪ್ಪೀನ್ ಸಮುದ್ರದಲ್ಲಿ ಅಮೆರಿಕದ ಆಲ್ಬಕೋರ್ ಜಲಾಂತರ್ಗಾಮಿಯ ಒಂದೇ ಒಂದು ಟಾರ್ಪಿಡೊ ತೈಹೋಗೆ ತಾಗಿತು, ಒಳಗೆ ಪೆಟ್ರೋಲ್ ಆವಿ ತುಂಬಿಕೊಂಡು ಕೆಲವು ಗಂಟೆ ಬಿಟ್ಟು ಸ್ಫೋಟವಾಗಿ ಹಡಗು ಮುಳುಗಿತು. ಅದೇ ಡಿಸೆಂಬರ್ 7ರ ಭೂಕಂಪ ಐಚಿಯ ಕಾರ್ಖಾನೆಯನ್ನೇ ಕೆಡವಿತು. ಉಳಿದ ರ್ಯೂಸೇಗಳು ನೆಲದ ಮೇಲಿನ ನಿಲ್ದಾಣಗಳಿಂದ ಹಾರಿದವು. ಹಡಗಿನಲ್ಲಿ ಜಾಗ ಉಳಿಸಲು ರ್ಯೂಸೇಯ ರೆಕ್ಕೆ ಮಡಚುತ್ತದೆ. ಕತ್ತರಿಸಿ ಮಡಚಿದಂತೆ ತೋರಿಸೋಣ ಅಂತ ಗರಗಸ ತೆಗೆದಿದ್ದೆ, ಯಾವ ಹಡಗಿಗೆ ಅಂತ ಯೋಚನೆ ಬಂದು ವಾಪಸ್ ಇಟ್ಟೆ.

ಗಾಜಿನ ಛಾವಣಿಗೆ ಬಣ್ಣ ತಾಗದಂತೆ ಟೇಪ್ ಅಂಟಿಸುವ ಕೆಲಸದಲ್ಲಿ ರ್ಯೂಸೇ ಸ್ವಲ್ಪ ಸಲೀಸು. ಇಬ್ಬರೇ ಕೂರುವ ವಿಮಾನ ಅದು. ತೆನ್‌ಜಾನಿನಲ್ಲಿ ಮೂರು ಜನ, ಕಿಟಕಿ ಜಾಸ್ತಿ, ಎರಡು ಭಾನುವಾರ ಅದಕ್ಕೇ ಹೋದವು.

ತೆನ್‌ಜಾನ್ ತಗೊಂಡರೆ ರಾಡಾರ್ ಇರುವ ಬಿ6ಎನ್2 ಅನ್ನುವ ನಂತರದ ಮಾದರಿ ಹುಡುಕಿ. ರೆಕ್ಕೆಯ ಮುಂದಂಚಿನಲ್ಲಿ ಯಾಗಿ ಆಂಟೆನಾ ಇರುತ್ತದೆ, ದೂರದರ್ಶನದ ಕಾಲದಲ್ಲಿ ನಮ್ಮ ಹೆಂಚಿನ ಮೇಲೆ ಕಾಗೆ ಕೂರುತ್ತಿತ್ತಲ್ಲ, ಅದೇ ಜಾತಿ. 1920ರ ದಶಕದಲ್ಲಿ ಜಪಾನಿನ ಉದಾ ಮತ್ತು ಯಾಗಿ ಕಂಡುಹಿಡಿದದ್ದು. ನಾನು ಪೊರಕೆಯ ನೈಲಾನ್ ಎಳೆ ಕತ್ತರಿಸಿ ಮಾಡಿದೆ. ಮೊನ್ನೆ ಧೂಳು ಒರೆಸುವಾಗ ಬಟ್ಟೆಗೆ ಸಿಕ್ಕಿ ಎರಡು ಕಡ್ಡಿ ಕಿತ್ತು ಬಂದವು, ಇನ್ನೂ ಅಂಟಿಸಿಲ್ಲ.