ಮಲೆನಾಡಿನ ಮಳೆಗೆ ಪ್ಲಾಸ್ಟಿಕ್ ಕ್ಯಾಲಿಪರ್

ಮೂಡಿಗೆರೆಯಲ್ಲಿ ಮಳೆ ಹಿಡಿಯಿತೆಂದರೆ ಕ್ಯಾಲಿಪರಿನ (ಬಲವಿಲ್ಲದ ಕಾಲಿಗೆ ಆಸರೆಯಾಗಿ ಕಟ್ಟುವ ಸಲಕರಣೆ) ಚರ್ಮದ ಪಟ್ಟಿ ಒಣಗುವುದೇ ಇಲ್ಲ. ಕಬ್ಬಿಣದ ಕ್ಯಾಲಿಪರ್ ಹಾಕಿದವರಿಗೆ ಗೊತ್ತು, ಒಲೆಯ ಹತ್ತಿರ ನೇತುಹಾಕಿದರೂ ಬೆಳಿಗ್ಗೆಗೆ ಬೂಷ್ಟು, ಮಂಡಿ ಮಡಚದಂತೆ ಹಿಡಿಯುವ ಲಾಕಿಗೆ ತುಕ್ಕು. ಹೋದ ಬೇಸಿಗೆಯಲ್ಲಿ ಹಾಸನದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಪ್ಲಾಸ್ಟಿಕ್‌ನದ್ದು ಮಾಡಿಸಿದೆ. ಮಳೆಗಾಲ ಪೂರ್ತಿ ಹಾಕಿ ನೋಡಿ ಬರೆಯುತ್ತಿದ್ದೇನೆ.

ನನ್ನ ಬಲಗಾಲಿಗೆ ಪೋಲಿಯೊ ಆಗಿದ್ದು ಎರಡು ವರ್ಷದವಳಿದ್ದಾಗ. ಆ ವೈರಸ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ, ಸ್ಪರ್ಶ ಹಾಗೇ ಉಳಿಯುತ್ತದೆ. ತೊಡೆಯಲ್ಲಿ ಶಕ್ತಿ ಇಲ್ಲದಿದ್ದರೂ ಎಲ್ಲಿ ಉಜ್ಜುತ್ತದೆ, ಎಲ್ಲಿ ಒತ್ತುತ್ತದೆ ಅಂತ ನನಗೆ ಚೆನ್ನಾಗಿ ತಿಳಿಯುತ್ತದೆ. ಕ್ಯಾಲಿಪರ್ ಮಾಡುವವರು ನಮ್ಮ ಮಾತು ಕೇಳಲೇಬೇಕು. ಹಿಂದೆ ಒಂದು ಶಿಬಿರದಲ್ಲಿ ಸಿಕ್ಕಿದ್ದು ತೊಡೆಸಂದಿಗೆ ಕುಯ್ಯುತ್ತಿತ್ತು. "ಅಭ್ಯಾಸ ಆಗುತ್ತೆ ಬಿಡಮ್ಮ" ಅಂದು ಕಳಿಸಿದರು. ಗಾಯ ಕೀವಾದ ಮೇಲೆ ಅದನ್ನು ಮೂಲೆಗಿಟ್ಟೆ.

ಹಾಸನದ ಹುಡುಗ ಹಾಗಲ್ಲ. ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದ. ಕಾಯಿಸಿದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಆ ಅಚ್ಚಿನಿಂದ ಎರೆದ ಕಾಲಿನ ಮಾದರಿಯ ಮೇಲೆ ಕೂರಿಸುತ್ತಾರೆ. ಹಾಕಿಸಿ, ನಡೆಸಿ, ನಾನು ತೋರಿಸಿದ ಕಡೆ ಪೆನ್ನಿನಲ್ಲಿ ಗುರುತು ಹಾಕಿಕೊಂಡ. ಕಣಕಾಲಿನ ಮೂಳೆ ತಾಗುವಲ್ಲಿ ಬಿಸಿಗಾಳಿ ಹಿಡಿದು ಉಬ್ಬಿಸಿದ, ತೊಡೆಯ ಅಂಚನ್ನು ಉಜ್ಜಿ ನುಣುಪು ಮಾಡಿದ. "ಅಕ್ಕಾ, ಮೊದಲು ಮನೆಯೊಳಗೇ ಸ್ವಲ್ಪಸ್ವಲ್ಪ ಹೊತ್ತು ಹಾಕಿ. ಬಿಚ್ಚಿದ ಮೇಲೂ ಕೆಂಪು ಹೋಗದಿದ್ದರೆ ಬನ್ನಿ" ಅಂದ. ಹೋದೆ, ಸರಿಮಾಡಿಕೊಟ್ಟ, ದುಡ್ಡು ಕೇಳಲಿಲ್ಲ.

ತೂಕ ಹಳೆಯದರ ಅರ್ಧವೂ ಇಲ್ಲ. ನನ್ನ ವಯಸ್ಸಿಗೆ ಇದು ದೊಡ್ಡ ಮಾತು. ಪೋಲಿಯೊ ಆಗಿ ದಶಕಗಳು ಕಳೆದ ಮೇಲೆ, ಸಾಯದೆ ಉಳಿದು ಅಷ್ಟೂ ಕಾಲ ಹೆಚ್ಚು ದುಡಿದ ನರಕೋಶಗಳು ಸೋತು ಹೊಸದಾಗಿ ನಿಶ್ಶಕ್ತಿ ಬರುವುದುಂಟು. ಆಗ ಕಾಲಿಗೆ ಭಾರ ಹೊರಿಸಬಾರದು. ಸಂಜೆ ಹೊಲಿಗೆ ಮಿಷನ್ ಬಿಟ್ಟೇಳುವಾಗ ಮೊದಲಿನಷ್ಟು ಸುಸ್ತಿಲ್ಲ.

ಕೊರತೆಯೂ ಇದೆ. ಸೆಕೆಗೆ ಒಳಗೆಲ್ಲ ಬೆವರು, ಹತ್ತಿಯ ಉದ್ದ ಕಾಲುಚೀಲ ಬೇಕೇ ಬೇಕು. ಮಂಡಿಯ ಲಾಕು ಈಗಲೂ ಲೋಹದ್ದೇ, ಎಣ್ಣೆ ಬಿಡುತ್ತಿರಬೇಕು. ಪಾದದ ತಟ್ಟೆ ಚಪ್ಪಲಿಯೊಳಗೆ ಕೂರುವುದರಿಂದ ಹಿಂದೆ ಪಟ್ಟಿಯಿರುವ, ಒಂದು ನಂಬರ್ ದೊಡ್ಡ ಜೋಡು ತಗೊಳ್ಳಿ. ಅಡಿ ಒರಟಾಗಿರಲಿ, ತೋಟದ ಇಳಿಜಾರು ಜಾರುತ್ತದೆ.

2011ರ ಜನವರಿಯ ನಂತರ ದೇಶದಲ್ಲಿ ಯಾವ ಮಗುವಿಗೂ ಕಾಡು (ಲಸಿಕೆಯಿಂದ ಬಂದದ್ದಲ್ಲದ, ಸಹಜವಾಗಿ ಹರಡುವ) ಪೋಲಿಯೊ ವೈರಸ್ ತಗುಲಿಲ್ಲ, ಅದಕ್ಕಿಂತ ಸಂತೋಷ ಬೇರೆ ಇಲ್ಲ. ಆದರೆ ಅದಕ್ಕೆ ಮುಂಚಿನವರು ನಾವಿನ್ನೂ ನಡೆಯುತ್ತಿದ್ದೇವೆ, ಕ್ಯಾಲಿಪರ್ ಕೆಲಸ ಬಲ್ಲವರು ಇಂಥ ಊರುಗಳಲ್ಲಿ ಉಳಿಯಬೇಕು.

ಅಳತೆ ಕೊಡಲು ಬೆಳಿಗ್ಗೆಯೇ ಹೋಗಿ. ಸಂಜೆಗೆ ಕಾಲು ಊದಿಕೊಂಡಿದ್ದರೆ ಅಚ್ಚು ಸಡಿಲ ಬರುತ್ತದೆ.